ಕಾರ್ಖಾನೆಯ ನೀರು ಕೊಳವೆಬಾವಿಗೆ ಇಳಿಯುವ ಬಗೆ

ಸಕ್ಕರೆ ಕಾರ್ಖಾನೆಯ ಕೊಳಕು ನೀರು ಅಂತರ್ಜಲ ಸೇರುವುದಕ್ಕೆ ದೊಡ್ಡ ಅವಘಡವೇನೂ ನಡೆಯಬೇಕಿಲ್ಲ. ಹೊಂಡದ ತಳದಲ್ಲಿ ಜಿನುಗುತ್ತ, ಹಳ್ಳದ ಮಡುವಿನಲ್ಲಿ ನಿಲ್ಲುತ್ತ, ಹೊಲದ ಬಿರುಕಿನಲ್ಲಿ ಇಳಿಯುತ್ತ ಅದು ಹಂಗಾಮಿನಿಂದ ಹಂಗಾಮಿಗೆ ನೆಲದಡಿ ಕೂಡುತ್ತ ಹೋಗುತ್ತದೆ. ಬೋರಿನ ನೀರು ಕಂದು ತಿರುಗಿ ವಾಸನೆ ಹೊಡೆಯುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ. ಗದಗ ಜಿಲ್ಲೆಯ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಸೀಮೆಗೆ ಈ ವಿಷಯ ದೂರದ್ದಲ್ಲ. ಇಲ್ಲಿ ಹೊಳೆ ಬತ್ತಿದಾಗ, ನಲ್ಲಿ ನಿಂತಾಗ ಜನ ನಂಬುವುದು ಕೊಳವೆಬಾವಿಯನ್ನೇ. ಅದು ಒಮ್ಮೆ ಕೆಟ್ಟರೆ ಬದಲಿ ನೀರಿಲ್ಲ.

ಒಣಬೇಸಾಯದ ಸೀಮೆಗೆ ಕಬ್ಬು

ಗದಗ ಸೀಮೆ ಮಳೆ ನಂಬಿದ ಸೀಮೆ. ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಎರೆ ಹೊಲದಲ್ಲಿ ಬಿಳಿಜೋಳ, ಕಡಲೆ, ಹತ್ತಿ, ಒಣಮೆಣಸಿನಕಾಯಿ. ಮಸಾರಿಯಲ್ಲಿ ಶೇಂಗಾ, ಸಜ್ಜೆ. ಇದು ಇಲ್ಲಿನ ಹಳೆಯ ಬೆಳೆ ಪದ್ಧತಿ. ಗದಗ-ಬೆಟಗೇರಿ ಅವಳಿ ನಗರ ಬೆಳೆದದ್ದೂ ಹತ್ತಿ ವ್ಯಾಪಾರ ಮತ್ತು ನೇಕಾರಿಕೆಯಿಂದ.

ಕಬ್ಬಿನ ಹಸಿವು ಬೇರೆ. ವರ್ಷವಿಡೀ ಹೊಲದಲ್ಲಿ ನಿಲ್ಲುವ ಈ ಬೆಳೆಗೆ 1500ರಿಂದ 2500 ಮಿಲಿಮೀಟರ್ ನೀರು ಬೇಕು. ಇಲ್ಲಿನ ಮಳೆ ಅದರ ಅರ್ಧಕ್ಕೂ ಸಾಲದು. ಹೀಗಾಗಿ ಕಬ್ಬು ಮೊದಲು ನೆಲೆ ಕಂಡದ್ದು ತುಂಗಭದ್ರೆಯ ದಂಡೆಯ ಊರುಗಳಲ್ಲಿ, ಹೊಳೆಗೆ ಪಂಪ್‌ಸೆಟ್ ಕೂರಿಸಲು ಸಾಧ್ಯವಿದ್ದ ರೈತರ ಹೊಲಗಳಲ್ಲಿ. ಕೊಳವೆಬಾವಿಗಳು ಹೆಚ್ಚಿದಂತೆ, ಹಮ್ಮಿಗಿ ಬಳಿ ಬ್ಯಾರೇಜ್ ಕಟ್ಟಿ ಸಿಂಗಟಾಲೂರು ಏತ ನೀರಾವರಿ ಯೋಜನೆ ಬಂದಂತೆ ನೀರಾವರಿಯ ಆಸೆ ದಂಡೆಯಿಂದ ಒಳನಾಡಿಗೂ ಹಬ್ಬಿತು. ಮುಂಡರಗಿ ತಾಲ್ಲೂಕಿನ ಗಂಗಾಪುರದಲ್ಲಿ ವಿಜಯನಗರ ಶುಗರ್ಸ್ ಎಂಬ ಖಾಸಗಿ ಕಾರ್ಖಾನೆ ನೆಲೆಯೂರಿತು. ದೂರದ ಊರಿಗೆ ಕಬ್ಬು ಸಾಗಿಸುವ ಕಷ್ಟ ತಪ್ಪಿದ್ದು ರೈತರಿಗೆ ನಿಜವಾದ ಅನುಕೂಲ.

ಕಬ್ಬಿಗೆ ನೀರು ಕೊಡುವ ತುಂಗಭದ್ರೆಯೇ ಈ ಸೀಮೆಯ ಕುಡಿಯುವ ನೀರಿನ ಆಸರೆಯೂ ಹೌದು. ಗದಗ-ಬೆಟಗೇರಿಗೆ ನೀರು ಏರುವುದು ಹಮ್ಮಿಗಿಯಿಂದ, ಲಕ್ಷ್ಮೇಶ್ವರಕ್ಕೆ ಮೇವುಂಡಿಯಿಂದ. ಬೇಸಿಗೆಯಲ್ಲಿ ಹರಿವು ಕ್ಷೀಣಿಸಿದಾಗ ದಂಡೆಯ ನೆಲದಡಿಯ ನೀರೇ ಹೊಳೆಗೆ ಜಿನುಗುತ್ತದೆ. ಆದ್ದರಿಂದ ಈ ಸೀಮೆಯಲ್ಲಿ ಹೊಳೆಯ ಮಾಲಿನ್ಯ ಮತ್ತು ಅಂತರ್ಜಲದ ಮಾಲಿನ್ಯವನ್ನು ಬೇರೆ ಬೇರೆ ಲೆಕ್ಕ ಹಾಕುವಂತಿಲ್ಲ.

ಕಾರ್ಖಾನೆಯೊಳಗೆ ನೀರು ಕೊಳಕಾಗುವುದು

ಕಬ್ಬಿನ ತೂಕದಲ್ಲಿ ಸುಮಾರು ಶೇ 70ರಷ್ಟು ನೀರೇ ಇರುತ್ತದೆ. ಅರೆದು ತೆಗೆದ ರಸಕ್ಕೆ ಸುಣ್ಣ ಸೇರಿಸಿ, ಗಂಧಕದ ಹೊಗೆ ಹಾಯಿಸಿ ತಿಳಿಗೊಳಿಸುತ್ತಾರೆ. ತಳಕ್ಕೆ ಕೂತದ್ದನ್ನು ಸೋಸಿದಾಗ ಸಿಗುವುದು ಪ್ರೆಸ್‌ಮಡ್. ತಿಳಿರಸವನ್ನು ಸಾಲಾಗಿ ನಿಂತ ಆವಿ ಪಾತ್ರೆಗಳಲ್ಲಿ ಕುದಿಸಿ ದಪ್ಪ ಮಾಡಿ, ನಿರ್ವಾತ ಕಡಾಯಿಗಳಲ್ಲಿ ಹರಳುಗಟ್ಟಿಸುತ್ತಾರೆ. ಸಕ್ಕರೆ ಬೇರ್ಪಟ್ಟ ಮೇಲೆ ಉಳಿಯುವ ಕಪ್ಪು ಪಾಕವೇ ಕಾಕಂಬಿ. ಕಬ್ಬಿನ ತೂಕದಲ್ಲಿ ಅದರ ಪಾಲು ಶೇ 4ರ ಸುಮಾರು.

ಈ ಪ್ರತಿ ಹಂತದಲ್ಲೂ ಕೊಳಕು ನೀರು ಹುಟ್ಟುತ್ತದೆ. ಅರೆಯುವ ಮನೆಯ ನೆಲ ತೊಳೆದ ನೀರಿನಲ್ಲಿ ಚೆಲ್ಲಿದ ರಸ ಮತ್ತು ಯಂತ್ರದ ಎಣ್ಣೆ ಇರುತ್ತದೆ. ಆವಿ ತಣಿಸುವ ನೀರಿಗೆ ಸಕ್ಕರೆಯ ಅಂಶ ಸೇರಿಕೊಳ್ಳುತ್ತದೆ. ಪಾತ್ರೆಗಳ ಒಳಗೆ ಕಟ್ಟಿದ ಪೊರೆ ತೆಗೆಯಲು ಕಾಸ್ಟಿಕ್ ಸೋಡಾ ಮತ್ತು ಆಮ್ಲ ಬಳಸುವುದರಿಂದ ಸೋಡಿಯಂ, ಕ್ಲೋರೈಡ್ ಲವಣಗಳು ಕೂಡುತ್ತವೆ. ಬಾಯ್ಲರಿನಿಂದ ಆಗಾಗ ಬಿಡುವ ನೀರಿನಲ್ಲಿಯೂ ಲವಣವಿರುತ್ತದೆ.

ಸಕ್ಕರೆ ವಿಷವಲ್ಲ, ನಿಜ. ಆದರೆ ಕರಗಿದ ಸಕ್ಕರೆಯನ್ನು ಸೂಕ್ಷ್ಮಜೀವಿಗಳು ತಿನ್ನುವಾಗ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ಈ ಬೇಡಿಕೆಯನ್ನೇ ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ಬಿಒಡಿ ಎಂದು ಅಳೆಯುತ್ತಾರೆ. ಊರ ಚರಂಡಿ ನೀರಿನಲ್ಲಿ ಇದು ಲೀಟರಿಗೆ 200ರಿಂದ 300 ಮಿಲಿಗ್ರಾಂ ಇದ್ದರೆ, ಸಂಸ್ಕರಿಸದ ಸಕ್ಕರೆ ತ್ಯಾಜ್ಯದಲ್ಲಿ ಸಾಮಾನ್ಯವಾಗಿ 1000 ಮಿಲಿಗ್ರಾಂ ದಾಟುತ್ತದೆ.

ಡಿಸ್ಟಿಲರಿಯ ಸ್ಪೆಂಟ್ ವಾಶ್

ಕಾಕಂಬಿಯನ್ನು ಹುಳಿಯೇರಿಸಿ ಮದ್ಯಸಾರ ತೆಗೆಯುವ ಘಟಕ, ಅಂದರೆ ಡಿಸ್ಟಿಲರಿ, ಜೊತೆಗೂಡಿದರೆ ಸಮಸ್ಯೆಯ ಪ್ರಮಾಣವೇ ಬದಲಾಗುತ್ತದೆ. ಒಂದು ಲೀಟರ್ ಮದ್ಯಸಾರಕ್ಕೆ 8ರಿಂದ 15 ಲೀಟರ್ ಸ್ಪೆಂಟ್ ವಾಶ್ ಎಂಬ ತ್ಯಾಜ್ಯ ಹೊರಬೀಳುತ್ತದೆ. ಕಡು ಕಂದು ಬಣ್ಣದ, ಬಿಸಿಯಾದ, ಹುಳಿಯಾದ ಈ ದ್ರವದ ಬಿಒಡಿ ಲೀಟರಿಗೆ 40,000ದಿಂದ 60,000 ಮಿಲಿಗ್ರಾಂ. ಅಂದರೆ ಚರಂಡಿ ನೀರಿನ ಸುಮಾರು 200 ಪಟ್ಟು. ಕಬ್ಬು ಮಣ್ಣಿನಿಂದ ಹೀರಿದ ಪೊಟ್ಯಾಸಿಯಂ ಕೊನೆಗೆ ಬಂದು ನಿಲ್ಲುವುದೂ ಇದರಲ್ಲೇ. ಕಂದು ಬಣ್ಣ ಕೊಡುವ ಮೆಲನಾಯ್ಡಿನ್ ಸುಲಭಕ್ಕೆ ಕೊಳೆಯುವ ವಸ್ತುವಲ್ಲ. ಅನಿಲ ಉತ್ಪಾದಿಸುವ ಡೈಜೆಸ್ಟರ್ ಹಾಯ್ದು ಬಿಒಡಿ ಬಹುಪಾಲು ಇಳಿದ ಮೇಲೂ ಬಣ್ಣ ಮತ್ತು ಲವಣ ಉಳಿದೇ ಇರುತ್ತವೆ.

ಪೆಟ್ರೋಲಿಗೆ ಎಥೆನಾಲ್ ಬೆರೆಸುವ ರಾಷ್ಟ್ರೀಯ ಜೈವಿಕ ಇಂಧನ ನೀತಿ 2018ರಲ್ಲಿ ಬಂದ ಮೇಲೆ ದೇಶದ ಸಕ್ಕರೆ ಕಾರ್ಖಾನೆಗಳು ಡಿಸ್ಟಿಲರಿ ಕಟ್ಟುವುದು, ಇದ್ದುದನ್ನು ಹಿಗ್ಗಿಸುವುದು ಹೆಚ್ಚಿತು. ಇದರಿಂದ ಕಬ್ಬಿನ ಬಿಲ್ ಬೇಗ ಕೈಗೆ ಬರುತ್ತದೆ ಎಂಬ ನಿರೀಕ್ಷೆ ರೈತರದು. ಉತ್ಪಾದನೆ ಹೆಚ್ಚಿದಷ್ಟೂ ತ್ಯಾಜ್ಯ ಹಿಡಿದಿಡುವ ಹೊಣೆಯೂ ಹೆಚ್ಚುತ್ತದೆ ಎಂಬುದನ್ನು ಆ ಲೆಕ್ಕದಲ್ಲಿ ಸೇರಿಸಲೇಬೇಕು.

ಎರೆ ಮಣ್ಣು, ಬಿರಿದ ಬಂಡೆ

ಗದಗ ಜಿಲ್ಲೆಯ ತಳದಲ್ಲಿರುವುದು ಗಟ್ಟಿ ಶಿಲೆ. ಕಪ್ಪತಗುಡ್ಡದ ಸುತ್ತ ಧಾರವಾಡ ಶಿಸ್ಟ್ ಶಿಲೆಗಳು, ಉಳಿದೆಡೆ ನೈಸ್ ಮತ್ತು ಗ್ರಾನೈಟ್. ಈ ಕಲ್ಲು ತಾನಾಗಿ ನೀರು ಹಿಡಿಯದು. ನೀರು ಇರುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ. ಬಯಲುಸೀಮೆಯ ತೆರೆದ ಬಾವಿಗಳು ಒಂದು ಕಾಲಕ್ಕೆ ಶಿಥಿಲ ಪದರದ ನೀರನ್ನೇ ಕೊಡುತ್ತಿದ್ದವು. ಅದು ಬತ್ತಿದ ಮೇಲೆ ಕೊಳವೆಬಾವಿಗಳು ಬಿರುಕುಗಳನ್ನು ಹುಡುಕುತ್ತ ಆಳಕ್ಕಿಳಿದವು.

ಇಂಥ ನೆಲದಲ್ಲಿ ಮಾಲಿನ್ಯದ ದಾರಿಯನ್ನು ಮೊದಲೇ ಊಹಿಸುವುದು ಕಷ್ಟ. ಮರಳು ಮಣ್ಣಿನ ಬಯಲಿನಲ್ಲಿ ಕೊಳಕು ಎಲ್ಲ ಕಡೆ ಹೆಚ್ಚುಕಡಿಮೆ ಸಮನಾಗಿ ಹರಡುತ್ತ ಸೋಸಿಕೊಳ್ಳುತ್ತದೆ. ಶಿಲೆಯ ಬಿರುಕಿನಲ್ಲಿ ಹಾಗಲ್ಲ. ಕಾರ್ಖಾನೆಯ ಪಕ್ಕದ ಬೋರು ಚೆನ್ನಾಗಿದ್ದು, ಮೈಲು ದೂರದ ಬೋರು ಕೆಟ್ಟಿರಬಹುದು. ಎರಡು ಬಾವಿಗಳನ್ನು ಬಿರುಕಿನ ಜಾಡು ಬೆಸೆದಿದೆಯೇ ಇಲ್ಲವೇ ಎಂಬುದೇ ಅಲ್ಲಿ ನಿರ್ಣಾಯಕ. ಬಳಕೆ ಬಿಟ್ಟು ಬಾಯಿ ಮುಚ್ಚದ ಬೋರುಗಳು ಮೇಲಿನ ಕೊಳಕನ್ನು ಮಣ್ಣಿನ ಸೋಸಿಕೆಯೂ ಇಲ್ಲದೆ ನೇರ ಆಳಕ್ಕೆ ಇಳಿಸುತ್ತವೆ.

ಎರೆ ಮಣ್ಣು ಜಿಗುಟು, ಅದರಲ್ಲಿ ನೀರು ಇಳಿಯದು ಎಂಬ ನಂಬಿಕೆ ಅರ್ಧ ಸತ್ಯ ಮಾತ್ರ. ನೆಂದಾಗ ಉಬ್ಬಿ ಮುಚ್ಚಿಕೊಳ್ಳುವ ಈ ಮಣ್ಣು ಒಣಗಿದಾಗ ಕೈ ತೂರುವಷ್ಟು ಅಗಲವಾಗಿ ಬಾಯಿ ಬಿಡುತ್ತದೆ. ಕಬ್ಬು ನುರಿಸುವ ಹಂಗಾಮು ಹಿಂಗಾರು ಮುಗಿಯುವ ಹೊತ್ತಿಗೆ ಶುರುವಾಗಿ ಬೇಸಿಗೆಯವರೆಗೆ ನಡೆಯುತ್ತದೆ. ಕಾರ್ಖಾನೆಯಿಂದ ನೀರು ಹೆಚ್ಚು ಹೊರಬರುವ ಕಾಲ, ನೆಲ ಬಿರಿಯುವ ಕಾಲ ಎರಡೂ ಒಂದೇ. ಬಿರಿದ ಹೊಲಕ್ಕೆ ಹರಿಸಿದ ತ್ಯಾಜ್ಯದಲ್ಲಿ ಮೊದಲ ಪಾಲು ಬೇರಿನ ವಲಯ ದಾಟಿ ಕೆಳಗಿಳಿಯುತ್ತದೆ. ಹೊಂಡದಲ್ಲಿ ಉಳಿದದ್ದನ್ನು ಮುಂಗಾರಿನ ದೊಡ್ಡ ಮಳೆ ಉಕ್ಕಿಸಿ ಹಳ್ಳಕ್ಕೆ ತಳ್ಳುತ್ತದೆ.

ನೆಲದಡಿಯ ಬದಲಾವಣೆ

ಸಕ್ಕರೆಯಂಶ ತುಂಬಿದ ನೀರು ಮಣ್ಣಿಗಿಳಿದಾಗ ಅಲ್ಲಿನ ಸೂಕ್ಷ್ಮಜೀವಿಗಳು ಮೊದಲು ಆಮ್ಲಜನಕವನ್ನು ಮುಗಿಸುತ್ತವೆ. ಆಮೇಲೆ ನೈಟ್ರೇಟ್, ನಂತರ ಮಣ್ಣಿನಲ್ಲಿರುವ ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡ್‌ಗಳು, ಕೊನೆಗೆ ಸಲ್ಫೇಟ್ ಅವುಗಳ ಬಳಕೆಗೆ ಬರುತ್ತವೆ. ಇಷ್ಟು ಕಾಲ ಮಣ್ಣಿಗೆ ಅಂಟಿಕೊಂಡಿದ್ದ ಕಬ್ಬಿಣ, ಮ್ಯಾಂಗನೀಸ್ ಕರಗಿ ನೀರಿಗೆ ಸೇರುತ್ತವೆ. ಸಲ್ಫೇಟ್ ಒಡೆದಾಗ ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಬೋರಿನಿಂದ ತಿಳಿಯಾಗಿ ಬಂದ ನೀರು ಗಾಳಿ ತಾಗಿ ಸ್ವಲ್ಪ ಹೊತ್ತಿಗೆ ಕೆಂಪಾಗುವುದು ಹೊರಬಂದ ಕಬ್ಬಿಣ ಮತ್ತೆ ಆಕ್ಸೈಡ್ ಆಗುವುದರಿಂದ.

ಇದೇ ಕೊಳೆಯುವಿಕೆಯಿಂದ ಹುಟ್ಟುವ ಇಂಗಾಲಾಮ್ಲ ಎರೆ ಮಣ್ಣಿನ ಸುಣ್ಣದ ಹರಳುಗಳನ್ನು ಕರಗಿಸಿ ನೀರಿನ ಗಡಸುತನ ಏರಿಸುತ್ತದೆ. ಆದರೆ ಕ್ಲೋರೈಡ್, ಸೋಡಿಯಂ, ಪೊಟ್ಯಾಸಿಯಂ ಕೊಳೆಯುವ ವಸ್ತುಗಳಲ್ಲ. ಸಂಸ್ಕರಣೆಯಲ್ಲಿ ಬಿಒಡಿ ಇಳಿದರೂ ಅವು ಹಾಗೇ ಉಳಿದು, ಬಿಸಿಲಿಗೆ ನೀರು ಆವಿಯಾದಂತೆ ಇನ್ನಷ್ಟು ದಟ್ಟವಾಗುತ್ತವೆ. ಸೋಡಿಯಂ ಹೆಚ್ಚಾದ ನೀರು ಹಾಯಿಸಿದ ಎರೆ ಹೊಲ ಸವಳಾಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಕರಗಿದ ಒಟ್ಟು ಘನಪದಾರ್ಥ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದಾಗ 2000ದವರೆಗೆ ಸಹಿಸಬಹುದು. ಗಡಸುತನಕ್ಕೆ ಈ ಮಿತಿಗಳು 200 ಮತ್ತು 600.

ಮುಂಡರಗಿ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಕಾಟ ಮೊದಲಿನಿಂದಲೂ ಇದೆ. ಅದು ಶಿಲೆಯ ಖನಿಜದಿಂದ ಬಂದದ್ದು, ಕಾರ್ಖಾನೆಯಿಂದಲ್ಲ. ಫ್ಲೋರೈಡಿನ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಹಲ್ಲು, ಮೂಳೆಗಳ ಮೇಲೆ ಅದು ಮಾಡುವ ಹಾನಿ ಈ ಭಾಗದ ಹಳ್ಳಿಗಳಿಗೆ ಹೊಸದಲ್ಲ. ಆದರೆ ಮೊದಲೇ ಸೋತಿರುವ ಜಲಮೂಲಕ್ಕೆ ಲವಣದ ಹೊರೆಯೂ ಸೇರಿದರೆ ಶುದ್ಧೀಕರಣ ಘಟಕಗಳ ಕೆಲಸ ಇನ್ನೂ ಕಠಿಣವಾಗುತ್ತದೆ.

ಶಿಲೆಯಿಂದ ಬಂದ ಕೆಡುಕನ್ನೂ ಕಾರ್ಖಾನೆಯಿಂದ ಬಂದುದನ್ನೂ ಬೇರ್ಪಡಿಸಿ ಗುರುತಿಸಲು ದಾರಿಯಿದೆ. ಸಹಜ ಅಂತರ್ಜಲದಲ್ಲಿ ಪೊಟ್ಯಾಸಿಯಂ ಸಾಮಾನ್ಯವಾಗಿ ಲೀಟರಿಗೆ ಕೆಲವೇ ಮಿಲಿಗ್ರಾಂ, ಸ್ಪೆಂಟ್ ವಾಶ್‌ನಲ್ಲಿ ಸಾವಿರಾರು. ಡಿಸ್ಟಿಲರಿಯ ಇಳಿಜಾರಿನ ಕಡೆಯ ಬಾವಿಗಳಲ್ಲಿ ಮಾತ್ರ ಪೊಟ್ಯಾಸಿಯಂ, ಕ್ಲೋರೈಡ್, ಕಂದು ಬಣ್ಣ ಒಟ್ಟಿಗೆ ಏರಿದ್ದರೆ ಕಾರಣದ ಜಾಡು ಸಿಗುತ್ತದೆ. ಹೊಲಕ್ಕೆ ಹಾಕಿದ ರಸಗೊಬ್ಬರದ ಪಾಲನ್ನೂ ಅಲ್ಲಿ ಲೆಕ್ಕಕ್ಕೆ ಹಿಡಿಯಬೇಕು.

ಕಾನೂನು ಬೆಳೆದು ಬಂದ ಹಾದಿ

1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆಯಲ್ಲಿ ಹೊಳೆ, ಹಳ್ಳಗಳ ಜೊತೆಗೆ ನೆಲದಡಿಯ ನೀರೂ ಸೇರಿದೆ. ತೊರೆಗಾಗಲಿ, ಬಾವಿಗಾಗಲಿ, ಭೂಮಿಯ ಮೇಲಾಗಲಿ ಮಿತಿ ಮೀರಿದ ಮಾಲಿನ್ಯ ಬಿಡುವುದು ಅದರ 24ನೇ ಕಲಮಿನಡಿ ನಿಷಿದ್ಧ. ಅದೇ ವರ್ಷ ಕರ್ನಾಟಕದ ಮಾಲಿನ್ಯ ನಿಯಂತ್ರಣ ಮಂಡಳಿ ರಚನೆಯಾಯಿತು. ತುಂಗಭದ್ರೆಯ ದಂಡೆಯ ಜನ ಈ ಕಾನೂನಿನ ಬೆಲೆ ಅರಿತದ್ದು ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ವಿರುದ್ಧ 1980ರ ದಶಕದಲ್ಲಿ ನಡೆದ ಹೋರಾಟದಿಂದ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹಳ್ಳಿಗರನ್ನು ಸಂಘಟಿಸಿ, ಹೊಳೆಯ ನೀರಿನ ಪ್ರಶ್ನೆಯನ್ನು ಮಂಡಳಿ, ನ್ಯಾಯಾಲಯಗಳ ಮುಂದಿಟ್ಟಿತು.

1996ರಲ್ಲಿ ರಾಜಸ್ಥಾನದ ಬಿಚ್ಛ್ರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ರಾಸಾಯನಿಕ ಕಾರ್ಖಾನೆಗಳಿಂದ ಬಾವಿಗಳು ಕೆಟ್ಟಿದ್ದಕ್ಕೆ ಕೆಡಿಸಿದವರೇ ವೆಚ್ಚ ತೆರಬೇಕು ಎಂಬ ತತ್ವವನ್ನು ಎತ್ತಿಹಿಡಿಯಿತು. 2003ರಲ್ಲಿ ರೂಪುಗೊಂಡ ಉದ್ಯಮ ಹೊಣೆಗಾರಿಕೆಯ ಸನ್ನದು ಡಿಸ್ಟಿಲರಿಗಳು ಸ್ಪೆಂಟ್ ವಾಶ್ ಅನ್ನು ಜಲಮೂಲಕ್ಕೆ ಬಿಡುವುದನ್ನು ಪೂರ್ತಿ ನಿಲ್ಲಿಸಬೇಕೆಂದಿತು. 2014ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಉತ್ತರಪ್ರದೇಶದ ಸಿಂಭಾವಲಿ ಸಕ್ಕರೆ ಮತ್ತು ಡಿಸ್ಟಿಲರಿ ಘಟಕಕ್ಕೆ 5 ಕೋಟಿ ರೂಪಾಯಿ ಪರಿಹಾರ ವಿಧಿಸಿತು. ಪಂಜಾಬಿನ ಜೀರಾ ಬಳಿಯ ಮನ್ಸೂರ್‌ವಾಲ್‌ನಲ್ಲಿ ಎಥೆನಾಲ್ ಘಟಕದಿಂದ ಅಂತರ್ಜಲ ಕೆಡುತ್ತಿದೆ ಎಂದು 2022ರ ಜುಲೈನಲ್ಲಿ ಹಳ್ಳಿಗರು ಧರಣಿ ಕೂತರು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ಆದೇಶವನ್ನು ಆ ರಾಜ್ಯದ ಮುಖ್ಯಮಂತ್ರಿ ಪ್ರಕಟಿಸಿದರು.

ಸಕ್ಕರೆ ಕಾರ್ಖಾನೆಗಳ ಮಾನಕವನ್ನು ಕೇಂದ್ರ ಪರಿಸರ ಸಚಿವಾಲಯ 2016ರ ಜನವರಿಯಲ್ಲಿ ಬಿಗಿಗೊಳಿಸಿತು. ಟನ್ ಕಬ್ಬಿಗೆ 100 ಲೀಟರಿಗಿಂತ ಹೆಚ್ಚು ಸಂಸ್ಕರಿಸಿದ ತ್ಯಾಜ್ಯ ಹೊರಬರಬಾರದು. ಅದರ ಬಿಒಡಿ ಜಲಮೂಲಕ್ಕೆ ಬಿಡುವುದಾದರೆ ಲೀಟರಿಗೆ 30, ಭೂಮಿಗೆ ಹಾಯಿಸುವುದಾದರೆ 100 ಮಿಲಿಗ್ರಾಂ ಮೀರಬಾರದು. ನೀರಾವರಿಗೆ ಬೇಡಿಕೆ ಇಲ್ಲದ ದಿನಗಳಿಗೆಂದು 15 ದಿನದ ತ್ಯಾಜ್ಯ ಹಿಡಿಯುವ ಹೊಂಡವೂ ಬೇಕು. ಮಿತಿಯೊಳಗೇ ಇದ್ದರೂ ಪ್ರಮಾಣ ಚಿಕ್ಕದಲ್ಲ. ದಿನಕ್ಕೆ 5000 ಟನ್ ನುರಿಸುವ ಕಾರ್ಖಾನೆ 150 ದಿನದ ಹಂಗಾಮಿನಲ್ಲಿ 7.5 ಕೋಟಿ ಲೀಟರ್‌ವರೆಗಿನ ನೀರನ್ನು ಎಲ್ಲಾದರೂ ಸೇರಿಸಲೇಬೇಕು.

ತಡೆಯಬೇಕಾದದ್ದು ನೆಲದ ಮೇಲೆ

ಬಿರುಕು ಶಿಲೆಗೆ ಇಳಿದ ಲವಣವನ್ನು ಮರಳಿ ತೆಗೆಯುವ ಸುಲಭ ವಿಧಾನವಿಲ್ಲ. ಮಳೆನೀರು ಇಂಗಿ ಅದನ್ನು ತಿಳಿಗೊಳಿಸಬೇಕು. ಕಡಿಮೆ ಮಳೆಯ ಈ ಸೀಮೆಯಲ್ಲಿ ಅದಕ್ಕೆ ದಶಕಗಳೇ ಹಿಡಿದಾವು. ಆದ್ದರಿಂದ ಎಲ್ಲ ಎಚ್ಚರಿಕೆಯೂ ನೀರು ಕೆಳಗಿಳಿಯುವ ಮೊದಲೇ ಇರಬೇಕು.

ಕಬ್ಬಿನಿಂದಲೇ ಹೊರಡುವ ಆವಿಯನ್ನು ತಣಿಸಿದರೆ ಕಾರ್ಖಾನೆಯ ಬಹುಪಾಲು ನೀರಿನ ಅಗತ್ಯ ಅಲ್ಲೇ ಪೂರೈಸುತ್ತದೆ. ಹೊಳೆಯಿಂದ ಎತ್ತುವ ನೀರು ತಗ್ಗಿದಷ್ಟೂ ಹೊರಬರುವ ಕೊಳಕು ತಗ್ಗುತ್ತದೆ. ಸ್ಪೆಂಟ್ ವಾಶ್ ಅನ್ನು ದಪ್ಪಗಟ್ಟಿಸಿ ಬಾಯ್ಲರಿನಲ್ಲಿ ಉರಿಸಬಹುದು, ಇಲ್ಲವೇ ಕಾಂಕ್ರೀಟ್ ಹಾಸಿದ ಅಂಗಳದಲ್ಲಿ ಪ್ರೆಸ್‌ಮಡ್ ಜೊತೆ ಗೊಬ್ಬರವಾಗಿಸಬಹುದು. ಹೊಂಡಗಳ ತಳಕ್ಕೆ ಸೋರದ ಹಾಸು ಬೇಕು, ಸುತ್ತಲೂ ನಿಗಾ ಬಾವಿಗಳು ಬೇಕು. ಹೊಲಕ್ಕೆ ಹಾಯಿಸುವ ನೀರು ಬೆಳೆಯ ಅಗತ್ಯ ಮೀರಬಾರದು, ಬಿರಿದ ಎರೆಗೆ ಒಮ್ಮೆಲೇ ತುಂಬಬಾರದು. ಬಳಕೆ ಬಿಟ್ಟ ಬೋರುಗಳ ಬಾಯಿ ಮುಚ್ಚಬೇಕು.

ಊರಿನ ಕೈಯಲ್ಲಿರುವ ದೊಡ್ಡ ಬಲ ದಾಖಲೆ. ಘಟಕ ಆರಂಭವಾಗುವ ಅಥವಾ ಹಿಗ್ಗುವ ಮೊದಲೇ ಸುತ್ತಲ ಬಾವಿಗಳ ನೀರು ಪರೀಕ್ಷಿಸಿ, ಆಮೇಲೆ ಪ್ರತಿ ವರ್ಷ ಮುಂಗಾರಿನ ಮುಂಚೆ ಮತ್ತು ನಂತರ ಅದೇ ಬಾವಿಗಳ ಮಾದರಿ ತೆಗೆದು, ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಓದಿ ಹೇಳಿದರೆ ಆರೋಪ, ನಿರಾಕರಣೆಗಳ ಜಗಳಕ್ಕೆ ಅಂಕಿಗಳೇ ಉತ್ತರ ಕೊಡುತ್ತವೆ. ಇದು ಈ ಜಿಲ್ಲೆಗೆ ಅಸಾಧ್ಯದ ಕೆಲಸವಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದ ರೈತರು 1905ರಲ್ಲೇ ಕೃಷಿ ಸಹಕಾರ ಪತ್ತಿನ ಸಂಘ ಕಟ್ಟಿ, ಸಾಲದ ಲೆಕ್ಕವನ್ನು ಊರೇ ಕೂಡಿ ಇಡಬಹುದೆಂದು ತೋರಿಸಿದವರು. ಕಬ್ಬು ಬೆಳೆಯುವ ಕುಟುಂಬ, ಕಾರ್ಖಾನೆಯಲ್ಲಿ ದುಡಿಯುವ ಕುಟುಂಬ, ಬೋರಿನ ನೀರು ಕುಡಿಯುವ ಕುಟುಂಬ ಬಹುಪಾಲು ಒಂದೇ ಆಗಿರುವುದರಿಂದ ನೀರಿನ ಲೆಕ್ಕವನ್ನೂ ಹಾಗೆಯೇ ಕೂಡಿ ಇಡುವುದು ಎಲ್ಲರ ಹಿತಕ್ಕೂ ಅಗತ್ಯ.