ನೀರಿಗೂ ಹೆಪ್ಪು ಬೇಕು

ಅಂಜಲ್ ತಾಜಾ ಹೌದೋ ಅಲ್ಲವೋ ಎಂದು ಕಿವಿರು ಎತ್ತಿ ನೋಡಿಯೇ ಹೇಳುವವರ ಊರು ಮಂಗಳೂರು. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಶುರುವಾದದ್ದೂ ಇಲ್ಲೇ. ಸತ್ತ ಮೀನಿನ ಬಗ್ಗೆ ಇಷ್ಟೆಲ್ಲ ತಿಳಿದ ನಾವು ಜೀವಂತ ಮೀನನ್ನು ಮನೆಗೆ ತಂದರೆ ಮಾತ್ರ ವಾರದೊಳಗೆ ಸೋಲುತ್ತೇವೆ.

ನಾನೂ ಸೋತವನೇ. ಎರಡಡಿಯ ಗಾಜಿನ ಟ್ಯಾಂಕ್, ಬಣ್ಣದ ಕಲ್ಲು, ಆರು ಗೋಲ್ಡ್‌ಫಿಶ್, ಎಲ್ಲವೂ ಒಂದೇ ಸಂಜೆ ಬಂದವು. ಐದನೇ ದಿನ ಮೀನುಗಳು ಮೇಲೆ ಬಂದು ಬಾಯಿ ಬಡಿಯತೊಡಗಿದವು. ಹಸಿವಿರಬೇಕೆಂದು ಇನ್ನೊಂದು ಚಿಟಿಕೆ ಆಹಾರ ಉದುರಿಸಿದೆ. ಎಂಟನೇ ದಿನ ಒಂದೂ ಉಳಿಯಲಿಲ್ಲ. "ಅವುಗಳ ಆಯಸ್ಸೇ ಅಷ್ಟು ಮಾರಾಯ್ರೇ" ಎಂದರು ಅಂಗಡಿಯವರು. ಸರಿಯಾಗಿ ಸಾಕಿದರೆ ಗೋಲ್ಡ್‌ಫಿಶ್ ಹತ್ತು ವರ್ಷ ದಾಟುತ್ತದೆ ಎಂದು ಗೊತ್ತಾದದ್ದು ಆಮೇಲೆ.

ನೋಡಲು ಸ್ಫಟಿಕದಂತಿದ್ದ ಆ ನೀರೇ ಅವನ್ನು ಕೊಂದದ್ದು. ಮೀನು ಕಿವಿರಿನಿಂದಲೇ ಅಮೋನಿಯಾ ಹೊರಹಾಕುತ್ತದೆ. ಹಿಕ್ಕೆ ಮತ್ತು ತಿನ್ನದೆ ಉಳಿದ ಆಹಾರ ಕೊಳೆತರೆ ಇನ್ನಷ್ಟು ಸೇರುತ್ತದೆ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲಾ ನದಿಯ ದೇವರ ಮೀನುಗಳು ಗುಂಪುಗುಂಪಾಗಿ ಭಕ್ತರು ಎಸೆದದ್ದನ್ನು ತಿಂದು ದಪ್ಪಗಾಗಿವೆಯಲ್ಲ, ಅಲ್ಲಿ ಹೊಲಸನ್ನು ಹೊಳೆಯೇ ಒಯ್ಯುತ್ತದೆ. ನಮ್ಮ ಟ್ಯಾಂಕಿನಲ್ಲಿ ಹರಿವೆಲ್ಲಿದೆ? ಐವತ್ತು ಲೀಟರಿನಲ್ಲಿ ಹಾಕಿದ್ದು ಐವತ್ತು ಲೀಟರಿನಲ್ಲೇ ಉಳಿಯುತ್ತದೆ.

ಅದನ್ನು ತಿಂದು ಮುಗಿಸುವ ಬ್ಯಾಕ್ಟೀರಿಯಾಗಳಿವೆ. ಒಂದು ಬಳಗ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಇದೂ ವಿಷವೇ, ರಕ್ತವನ್ನು ಕಂದಾಗಿಸಿ ಆಮ್ಲಜನಕ ಸಾಗಿಸದಂತೆ ಮಾಡುತ್ತದೆ. ಇನ್ನೊಂದು ಬಳಗ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಸಾಧು, ವಾರಕ್ಕೊಮ್ಮೆ ಒಂದಿಷ್ಟು ನೀರು ಬದಲಿಸಿದರೆ, ಮೇಲೆ ನಾಲ್ಕು ಅಂತರಗಂಗೆ ತೇಲಿಬಿಟ್ಟರೆ ಹದ್ದುಮೀರದು. ಈ ಎರಡನೇ ಕೆಲಸ ನೈಟ್ರೊಬ್ಯಾಕ್ಟರ್‌ನದೆಂದು ಬಹಳ ಕಾಲ ಎಲ್ಲರೂ ನಂಬಿದ್ದರು. ಸಿಹಿನೀರಿನ ಅಕ್ವೇರಿಯಂಗಳಲ್ಲಿ ದುಡಿಯುವುದು ನೈಟ್ರೊಸ್ಪೈರಾ ಎಂದು 1998ರಲ್ಲಿ ಟಿಮೊಥಿ ಹೊವನೆಕ್ ಮತ್ತು ಸಂಗಡಿಗರು ತೋರಿಸಿದರು. 2015ರಲ್ಲಿ ಎರಡೂ ಕೆಲಸವನ್ನು ಒಂದೇ ಜೀವಿ ಮಾಡುವುದೂ ಪತ್ತೆಯಾಯಿತು. ಅಂಥ ಜೀವಿಗಳು ಸಿಕ್ಕ ಜಾಗಗಳಲ್ಲೊಂದು ಮೀನು ಸಾಕಣೆಯ ಫಿಲ್ಟರ್!

ಈ ಬಳಗವನ್ನು ಮೀನು ಬರುವ ಮೊದಲೇ ಬೆಳೆಸಿಕೊಳ್ಳುವುದಕ್ಕೆ ಹವ್ಯಾಸಿಗಳು ಸೈಕ್ಲಿಂಗ್ ಎನ್ನುತ್ತಾರೆ. ನನ್ನ ಕಣ್ಣಿಗೆ ಇದು ಹಾಲಿಗೆ ಹೆಪ್ಪು ಹಾಕುವ ಕೆಲಸ. ಒಂದೇ ವ್ಯತ್ಯಾಸ, ಹಾಲು ಬೆಳಗಾಗುವುದರೊಳಗೆ ಮೊಸರಾಗುತ್ತದೆ. ಈ ಬ್ಯಾಕ್ಟೀರಿಯಾ ಒಂದು ಎರಡಾಗಲು ಹೆಚ್ಚುಕಡಿಮೆ ಒಂದು ದಿನವೇ ಬೇಕು. ಹಾಗಾಗಿ ನಾಲ್ಕರಿಂದ ಆರು ವಾರ. ಪಕ್ಕದ ಮನೆಯಲ್ಲಿ ಹಳೆಯ, ರೋಗವಿಲ್ಲದ ಟ್ಯಾಂಕ್ ಇದ್ದರೆ ಒಂದು ತುಂಡು ಫಿಲ್ಟರ್ ಸ್ಪಾಂಜ್ ಕೇಳಿ ತನ್ನಿ, ಕಾಯುವುದು ಅರ್ಧಕ್ಕಿಳಿಯಬಹುದು. ಹಳೆಯ ನೀರನ್ನು ಬಾಟಲಿಯಲ್ಲಿ ತಂದು ಪ್ರಯೋಜನ ಕಡಿಮೆ. ಹೆಪ್ಪು ಇರುವುದು ಸ್ಪಾಂಜಿನಲ್ಲಿ, ಕಲ್ಲಿನ ಮೈಯಲ್ಲಿ.

ಮೀನಿಲ್ಲದೆ ಅಮೋನಿಯಾ ಎಲ್ಲಿಂದ? ವಿದೇಶಿ ಪುಸ್ತಕಗಳು ಶುದ್ಧ ಅಮೋನಿಯಾ ದ್ರಾವಣ ಹುಡುಕಲು ಹೇಳುತ್ತವೆ. ನಮಗೆ ಸ್ಟೇಟ್‌ಬ್ಯಾಂಕ್ ಮಾರುಕಟ್ಟೆಯಿದೆ. ಒಂದು ಹಸಿ ಸಿಗಡಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ನೀರಿಗೆ ಇಳಿಬಿಟ್ಟರೆ ಸಾಕು, ಕೊಳೆಯುತ್ತಾ ಅದೇ ಅಮೋನಿಯಾ ಕೊಡುತ್ತದೆ. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆಯಾದ್ದರಿಂದ ಒಣ ಸಿಗಡಿಯೇ ಗತಿ. ಉಪ್ಪು ಹೋಗುವಂತೆ ತೊಳೆದು ಹಾಕಬೇಕು. ವಾಸನೆ ಬಾರದೆಂದು ನಾನು ಸುಳ್ಳು ಹೇಳಲಾರೆ. "ಮೀನಿಲ್ಲದ ಟ್ಯಾಂಕಿಗೆ ಸಿಗಡಿಯಾ? ಗಸಿ ಮಾಡ್ಲಿಕ್ಕೇ ಸಾಲುದಿಲ್ಲ ಇಲ್ಲಿ!" ಎಂದು ಅಮ್ಮ ಮೂರು ದಿನ ಮುಖ ಊದಿಸಿಕೊಂಡಿದ್ದರು.

ಇನ್ನು ನಮ್ಮೂರಿನ ನೀರು. ಸೆಕೆ ಈ ಬ್ಯಾಕ್ಟೀರಿಯಾಗಳಿಗೆ ಪ್ರಿಯ, ಆದ್ದರಿಂದ ಚಳಿದೇಶದವರಂತೆ ನಾವು ಹೀಟರ್ ಕೊಳ್ಳಬೇಕಿಲ್ಲ. ತೊಡಕಿರುವುದು ಬಾವಿಯಲ್ಲಿ. ಮುರಕಲ್ಲಿನ ನೆಲದ ಬಾವಿನೀರು ಮೆದು, ತುಸು ಹುಳಿಯ ಕಡೆಗೆ ವಾಲಿದ್ದು. ಅಮೋನಿಯಾ ತಿನ್ನುವಾಗ ಬ್ಯಾಕ್ಟೀರಿಯಾ ನೀರನ್ನು ಮತ್ತಷ್ಟು ಹುಳಿಯಾಗಿಸುತ್ತದೆ: ಅಮೋನಿಯಾದಲ್ಲಿನ 1 ಗ್ರಾಂ ಸಾರಜನಕ ನೈಟ್ರೇಟ್ ಆಗಬೇಕಾದರೆ ಸುಮಾರು 7 ಗ್ರಾಂ ಸುಣ್ಣದಕಲ್ಲಿಗೆ ಸಮನಾದ ಕ್ಷಾರ ಖರ್ಚಾಗುತ್ತದೆ. ಪಿಎಚ್ 6ರ ಹತ್ತಿರ ಇಳಿದರೆ ಕೆಲಸ ಬಹುತೇಕ ನಿಂತೇ ಹೋಗುತ್ತದೆ. ಎರಡು ತಿಂಗಳಾದರೂ ಸೈಕಲ್ ಆಗಲಿಲ್ಲ ಎಂದು ಗೋಳಾಡುವವರನ್ನು ನಾನು ಮೊದಲು ಕೇಳುವುದು, ಬಾವಿನೀರೋ ನಳ್ಳಿನೀರೋ ಎಂದು.

ಮದ್ದು ಅಡುಗೆಮನೆಯ ಹಿಂದೆಯೇ ಬಿದ್ದಿರುತ್ತದೆ. ಮರುವಾಯಿ ಪುಂಡಿ ತಿಂದ ಮರುದಿನ ಚಿಪ್ಪುಗಳನ್ನು ಕುದಿಸಿ, ಉಜ್ಜಿ ತೊಳೆದು, ಒಣಗಿಸಿ, ಒಂದು ಹಿಡಿಯನ್ನು ಬಲೆಚೀಲದಲ್ಲಿ ಫಿಲ್ಟರಿನ ಪಕ್ಕ ಇಡಿ. ನೀರು ಹುಳಿಯಾದಷ್ಟೂ ಚಿಪ್ಪು ಕರಗುತ್ತದೆ, ಸರಿಹೋದಾಗ ತಾನೇ ನಿಧಾನವಾಗುತ್ತದೆ. ಆದರೆ ಮೀನಿರುವ ಹಳೆಯ ಹುಳಿ ಟ್ಯಾಂಕಿಗೆ ಇದನ್ನು ಅವಸರದಲ್ಲಿ ಮಾಡಬಾರದು. 28 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದ ನೂರರಲ್ಲಿ ಒಂದು ಪಾಲೂ ವಿಷರೂಪದಲ್ಲಿರುವುದಿಲ್ಲ. ಪಿಎಚ್ 8ಕ್ಕೆ ಏರಿದರೆ ಆರೇಳು ಪಾಲು. ಹುಳಿನೀರಿನಲ್ಲಿ ತೆಪ್ಪಗಿದ್ದ ಅಮೋನಿಯಾ ಒಂದೇ ರಾತ್ರಿಯಲ್ಲಿ ಎದ್ದು ಕೂರುತ್ತದೆ.

ತುಂಬೆಯಿಂದ ಬರುವ ನೇತ್ರಾವತಿಯ ನಳ್ಳಿನೀರಾದರೆ ಕ್ಲೋರಿನ್ ಬಿಡಿಸಬೇಕು. ಅಗಲ ಬಕೆಟಿನಲ್ಲಿ ಒಂದು ದಿನ ತೆರೆದಿಡಿ, ಇಲ್ಲವೇ ಅಂಗಡಿಯಲ್ಲಿ ಸಿಗುವ ಆಂಟಿ-ಕ್ಲೋರಿನ್ ಹನಿ ಹಾಕಿ. ಆರು ವಾರ ಕಾದು ಬೆಳೆಸಿದ ಸ್ಪಾಂಜನ್ನು ನಳ್ಳಿಯ ಕೆಳಗೆ ಹಿಡಿದು ಬೆಳ್ಳಗೆ ತೊಳೆಯುವ ಶುಚಿಪ್ರಿಯರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಅವರನ್ನು ಟ್ಯಾಂಕಿನಿಂದ ದೂರವಿಡಿ. ಸ್ಪಾಂಜನ್ನು ಹಿಂಡಬೇಕಾದ್ದು ಟ್ಯಾಂಕಿನಿಂದಲೇ ತೆಗೆದ ನೀರಿನಲ್ಲಿ. ಮೇ ಕೊನೆಯ ಗುಡುಗುಮಳೆಗೆ ಕರೆಂಟು ಗಂಟೆಗಟ್ಟಲೆ ಹೋಗುವ ಕಾಲಕ್ಕೆ ಒಂದು ಬ್ಯಾಟರಿ ಏರ್ ಪಂಪ್ ಇರಲಿ. ಗಾಳಿ ಸಿಗದಿದ್ದರೆ ಬ್ಯಾಕ್ಟೀರಿಯಾಗಳೂ ಉಸಿರುಗಟ್ಟುತ್ತವೆ.

ಆಯಿತೆಂದು ಗೊತ್ತಾಗುವುದು ಟೆಸ್ಟ್ ಕಿಟ್‌ನಿಂದ ಮಾತ್ರ. ನೀರಿನ ತಿಳಿಯನ್ನು ನಂಬಿ ನಾನು ಒಮ್ಮೆ ಕೆಟ್ಟಿದ್ದೇನೆ. ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರುತ್ತದೆ, ಇಳಿಯಲು ಸತಾಯಿಸುತ್ತದೆ. ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಸೇರಿಸಿದ 24 ಗಂಟೆಯಲ್ಲಿ ಎರಡೂ ಸೊನ್ನೆ ತೋರಿಸಿದರೆ ಟ್ಯಾಂಕ್ ಸಿದ್ಧ. ನನ್ನದು ಮೂವತ್ತಮೂರನೇ ದಿನ ತೋರಿಸಿತು. ಮುಕ್ಕಾಲು ಪಾಲು ನೀರು ಬದಲಿಸಿ, ಸಂಜೆ ನಾಲ್ಕು ಗಪ್ಪಿ ತಂದು, ಚೀಲವನ್ನು ಸ್ವಲ್ಪ ಹೊತ್ತು ತೇಲಿಸಿ ಬಿಟ್ಟೆ.

ಅಮ್ಮ ಕನ್ನಡಕ ಹಾಕಿಕೊಂಡು ಬಂದು ಎಣಿಸಿದರು. "ಒಂದು ತಿಂಗಳು ಕಾದದ್ದು ಈ ನಾಲ್ಕಕ್ಕಾ?"