ತಡೆಯದೆ ಬಿಟ್ಟ ಎದುರಾಳಿ: ಅಮೆರಿಕನ್ ಫುಟ್‌ಬಾಲಿನ ಒಂದು ಲೆಕ್ಕಾಚಾರ

ಅಮೆರಿಕನ್ ಫುಟ್‌ಬಾಲಿನಲ್ಲಿ ಹೆಸರಿಗೆ ಮಾತ್ರ ಕಾಲ್ಚೆಂಡು. ಎರಡೂ ತುದಿ ಚೂಪಾದ ಚೆಂಡನ್ನು ಹೆಚ್ಚಾಗಿ ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೇ ಎಸೆಯುತ್ತಾರೆ. ಒಂದೊಂದು ತಂಡದಲ್ಲಿ 11 ಜನ. ಚೆಂಡು ಪಡೆದ ತಂಡ ನಾಲ್ಕು ಯತ್ನಗಳೊಳಗೆ 10 ಗಜ ಮುಂದೆ ಸಾಗಬೇಕು. ಪ್ರತಿ ಯತ್ನದಲ್ಲೂ ಚೆಂಡು ಮೊದಲು ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರನ ಕೈಗೆ ಬರುತ್ತದೆ. ಅವನು ಅದನ್ನು ಮುಂದಕ್ಕೆ ಎಸೆಯಬಹುದು ಅಥವಾ ಪಕ್ಕದಲ್ಲಿರುವ ರನ್ನಿಂಗ್ ಬ್ಯಾಕ್‌ಗೆ ಕೊಟ್ಟು ಓಡಿಸಬಹುದು. ಉಳಿದವರು ಎದುರಾಳಿಗಳಿಗೆ ಮೈಯೊಡ್ಡಿ ಓಟಗಾರನಿಗೆ ದಾರಿ ಮಾಡಿಕೊಡುತ್ತಾರೆ.

ಇಲ್ಲೊಂದು ಸರಳ ಲೆಕ್ಕವಿದೆ. ಚೆಂಡನ್ನು ಕೊಟ್ಟ ಮೇಲೆ ಕ್ವಾರ್ಟರ್‌ಬ್ಯಾಕ್‌ನ ಕೆಲಸ ಮುಗಿಯಿತು. ಓಟಗಾರನನ್ನೂ ಬಿಟ್ಟರೆ ಅಡ್ಡಗಟ್ಟಲು ಉಳಿಯುವವರು 9 ಜನ. ಎದುರಿಗಿರುವವರು 11 ಜನ! ಅಂದರೆ ಓಟಗಾರನನ್ನು ಕೆಡವಲು ಎದುರಾಳಿಗಳಲ್ಲಿ ಇಬ್ಬರು ಸದಾ ಬಿಡುವಾಗಿರುತ್ತಾರೆ. ಈ ಕೊರತೆಯನ್ನು ತುಂಬುವ ಉಪಾಯವೇ ‘ಆಪ್ಷನ್’, ಅಂದರೆ ಆಯ್ಕೆಯ ಆಟ.

ಬಾಸ್ಕೆಟ್‌ಬಾಲಿನಿಂದ ಬಂದ ಯೋಚನೆ

1941ರಲ್ಲಿ ಮಿಸೌರಿ ವಿಶ್ವವಿದ್ಯಾಲಯದ ತರಬೇತುದಾರ ಡಾನ್ ಫೌರಾಟ್ ಈ ಉಪಾಯವನ್ನು ತಮ್ಮ ತಂಡದ ವ್ಯೂಹದಲ್ಲಿ ಅಳವಡಿಸಿದರು. ಬಾಸ್ಕೆಟ್‌ಬಾಲಿನಲ್ಲಿ ಇಬ್ಬರು ಆಟಗಾರರು ಒಬ್ಬನೇ ರಕ್ಷಕನತ್ತ ನುಗ್ಗಿದಾಗ ಏನಾಗುತ್ತದೆ? ರಕ್ಷಕ ಚೆಂಡಿರುವವನ ಮೇಲೆ ಬಿದ್ದರೆ ಚೆಂಡು ಇನ್ನೊಬ್ಬನಿಗೆ ಹೋಗುತ್ತದೆ. ಇನ್ನೊಬ್ಬನನ್ನು ಕಾದರೆ ಚೆಂಡಿರುವವನೇ ಮುಂದೆ ಸಾಗುತ್ತಾನೆ. ಫೌರಾಟ್ ಫುಟ್‌ಬಾಲಿನಲ್ಲೂ ಒಬ್ಬ ಎದುರಾಳಿಯನ್ನು ಬೇಕೆಂದೇ ತಡೆಯದೆ ಬಿಟ್ಟು, ಅವನು ಮಾಡುವುದಕ್ಕೆ ವಿರುದ್ಧವಾದುದನ್ನು ಕ್ವಾರ್ಟರ್‌ಬ್ಯಾಕ್ ಮಾಡುವಂತೆ ಯೋಜಿಸಿದರು. ಹೀಗೆ ಒಬ್ಬ ಎದುರಾಳಿಯನ್ನು ಯಾರೂ ಮುಟ್ಟದೆಯೇ ‘ತಡೆದಂತೆ’ ಆಯಿತು.

ಅಂಗಳವನ್ನು ಹರಡುವುದು

ಇದಕ್ಕೆ ರೇಖಾಗಣಿತವನ್ನು ಕೂಡಿಸಿದ್ದು ‘ಸ್ಪ್ರೆಡ್’ ವ್ಯೂಹ. ಫುಟ್‌ಬಾಲ್ ಅಂಗಳದ ಅಗಲ 160 ಅಡಿ, ಅಂದರೆ ಸುಮಾರು 48.8 ಮೀಟರ್. ಈ ವ್ಯೂಹದ ಒಂದು ಸಾಮಾನ್ಯ ರೂಪದಲ್ಲಿ ನಾಲ್ವರು ರಿಸೀವರ್‌ಗಳು ಅಂಚುಗಳತ್ತ ಹರಡಿ ನಿಲ್ಲುತ್ತಾರೆ. ಎಸೆದ ಚೆಂಡನ್ನು ಹಿಡಿಯುವವರು ಇವರೇ ಆದ್ದರಿಂದ ಇವರನ್ನು ಕಾಯಲು ನಾಲ್ವರು ಎದುರಾಳಿಗಳು ಹೋಗಲೇಬೇಕು. ಇನ್ನೊಬ್ಬ ಹಿಂದೆ ಕಾವಲಿರುತ್ತಾನೆ. ನಡುವೆ ಉಳಿಯುವವರು ಆರು ಜನ. ಅವರೆದುರು ಅಡ್ಡಗಟ್ಟಲು ಐವರು ಲೈನ್‌ಮನ್‌ಗಳಿದ್ದಾರೆ. ಉಳಿದ ಆರನೆಯವನನ್ನು ಕ್ವಾರ್ಟರ್‌ಬ್ಯಾಕ್‌ನ ಆಯ್ಕೆ ನೋಡಿಕೊಳ್ಳುತ್ತದೆ. 5 + 1 = 6; ಲೆಕ್ಕ ಸರಿಹೋಯಿತು. ಏಳನೆಯವನನ್ನು ನಡುವೆ ತಂದರೆ ಹಿಂದಿನ ಕಾವಲು ಹೋಗುತ್ತದೆ, ಚೆಂಡನ್ನು ದೂರ ಎಸೆಯಲು ಅನುಕೂಲವಾಗುತ್ತದೆ.

1990ರ ದಶಕದ ಆರಂಭದಲ್ಲಿ ಪಶ್ಚಿಮ ವರ್ಜೀನಿಯದ ಗ್ಲೆನ್‌ವಿಲ್ ಸ್ಟೇಟ್ ಎಂಬ ಸಣ್ಣ ಕಾಲೇಜಿನಲ್ಲಿ ತರಬೇತುದಾರ ರಿಚ್ ರಾಡ್ರಿಗೆಸ್ ಈ ವ್ಯೂಹದಲ್ಲಿ ‘ಜೋನ್ ರೀಡ್’ ಆಟವನ್ನು ರೂಪಿಸಿದರು. ಕ್ವಾರ್ಟರ್‌ಬ್ಯಾಕ್‌ನ ಎಡಗಡೆ ನಿಂತ ರನ್ನಿಂಗ್ ಬ್ಯಾಕ್ ಅವನ ಮುಂದೆ ಹಾದು ಬಲಕ್ಕೆ ಓಡುತ್ತಾನೆಂದುಕೊಳ್ಳಿ. ಲೈನ್‌ಮನ್‌ಗಳೂ ಬಲಕ್ಕೆ ಸರಿಯುತ್ತಾರೆ. ಎದುರಾಳಿಗಳ ಸಾಲಿನಲ್ಲಿ ಆ ಎಡ ತುದಿಗೆ ನಿಂತ ಆಟಗಾರನನ್ನು ಯಾರೂ ತಡೆಯುವುದಿಲ್ಲ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಟಗಾರನ ಹೊಟ್ಟೆಯ ಬಳಿ ಇಟ್ಟು, ಕೈಬಿಡದೆ, ಈ ತುದಿಯವನನ್ನೇ ನೋಡುತ್ತಾನೆ. ಅವನು ಓಟಗಾರನ ಬೆನ್ನಟ್ಟಿದರೆ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಳೆದುಕೊಂಡು ಅವನು ಬಿಟ್ಟುಹೋದ ಜಾಗದಲ್ಲೇ ಓಡುತ್ತಾನೆ. ಅವನು ನಿಂತಲ್ಲೇ ನಿಂತರೆ ಚೆಂಡು ಓಟಗಾರನಿಗೆ.

ಸಂವೇಗದ ಪಾತ್ರ

ಬೆನ್ನಟ್ಟಿದವನು ತಪ್ಪು ತಿಳಿದ ಕೂಡಲೇ ಹಿಂತಿರುಗಬಾರದೇಕೆ? ಅವನ ರಾಶಿ 120 ಕಿ.ಗ್ರಾಂ., ವೇಗ ಸೆಕೆಂಡಿಗೆ 4 ಮೀಟರ್ ಎಂದು ಭಾವಿಸೋಣ. ಸಂವೇಗ 480 ಕಿ.ಗ್ರಾಂ. ಮೀ/ಸೆ. ಇದನ್ನು 0.4 ಸೆಕೆಂಡಿನಲ್ಲಿ ಸೊನ್ನೆಗೆ ಇಳಿಸಲು ಸರಾಸರಿ 1200 ನ್ಯೂಟನ್ ಬಲ ಬೇಕು. ಇದು ಹೆಚ್ಚುಕಡಿಮೆ ಅವನ ತೂಕದಷ್ಟೇ ಇದೆ, ಮತ್ತು ಅಷ್ಟನ್ನೂ ಬೂಟಿಗೂ ನೆಲಕ್ಕೂ ನಡುವಿನ ಹಿಡಿತವೇ ಒದಗಿಸಬೇಕು. ಕಣ್ಣಿಗೆ ಕಂಡದ್ದಕ್ಕೆ ಪ್ರತಿಕ್ರಿಯಿಸಲು ಸುಮಾರು 0.2 ಸೆಕೆಂಡ್ ಬೇರೆ ಬೇಕು. ಒಟ್ಟು 0.6 ಸೆಕೆಂಡ್. ಅಷ್ಟರಲ್ಲಿ ಕ್ವಾರ್ಟರ್‌ಬ್ಯಾಕ್ ಸರಾಸರಿ ಸೆಕೆಂಡಿಗೆ 4 ಮೀಟರಿನಂತೆ ಓಡಿದರೂ 2.4 ಮೀಟರ್ ದೂರ ಹೋಗಿರುತ್ತಾನೆ. ಎದುರಾಳಿ ಭಾರವಾದಷ್ಟೂ ಅವನಿಗೆ ಕಷ್ಟ ಹೆಚ್ಚು. ಚಿಕ್ಕ ಮೈಕಟ್ಟಿನ ಆಟಗಾರರಿರುವ ತಂಡಗಳು ಆಪ್ಷನ್ ಆಟವನ್ನು ನೆಚ್ಚಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಎದುರಾಳಿಯ ಉತ್ತರ

ಆಪ್ಷನ್ನಿನ ಬಲವಿರುವುದು ತಡವಾಗಿ ನಿರ್ಧರಿಸುವುದರಲ್ಲಿ. ಎದುರಾಳಿಯ ನಡೆ ಕಂಡ ಮೇಲೆ ಕ್ವಾರ್ಟರ್‌ಬ್ಯಾಕ್ ತನ್ನ ನಡೆ ಇಡುತ್ತಾನೆ. ಆದ್ದರಿಂದ ರಕ್ಷಣೆಯ ತಂಡ ತನ್ನ ನಡೆಯನ್ನು ಮರೆಮಾಚಲು ಕಲಿಯಿತು. ತುದಿಯವನು ಬೆನ್ನಟ್ಟಿದಂತೆ ಮಾಡಿ ಚೆಂಡನ್ನು ಎಳೆದುಕೊಳ್ಳಲು ಪ್ರೇರೇಪಿಸುತ್ತಾನೆ. ಹಿಂದಿನಿಂದ ಇನ್ನೊಬ್ಬ ಸುತ್ತಿ ಬಂದು ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುತ್ತಾನೆ. ಆದರೆ ಪ್ರತಿಸಲವೂ ಹೀಗೆಯೇ ಮಾಡಿದರೆ ಗುಟ್ಟು ರಟ್ಟಾಗುತ್ತದೆ. ಇಂಥ ಸಂದರ್ಭದಲ್ಲಿ ನಡೆಗಳನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿ, ಊಹಿಸಲಾಗದಂತೆ ಆಡುವುದೇ ಲೇಸು. ಒಬ್ಬರ ಗಳಿಕೆ ಇನ್ನೊಬ್ಬರ ನಷ್ಟವಾಗುವ ಇಬ್ಬರ ಆಟಗಳಿಗೆ ಇಂಥ ಉತ್ತಮ ಮಿಶ್ರಣ ಇದ್ದೇ ಇರುತ್ತದೆಂದು ಗಣಿತಜ್ಞ ಜಾನ್ ಫಾನ್ ನಾಯ್ಮನ್ 1928ರಲ್ಲಿ ಸಾಧಿಸಿದ್ದರು.

ರಾಡ್ರಿಗೆಸ್ ಆಕ್ರಮಣದ ಹೊಣೆ ಹೊತ್ತಿದ್ದ ಟುಲೇನ್ ತಂಡ 1998ರಲ್ಲಿ ಆಡಿದ 12 ಪಂದ್ಯಗಳನ್ನೂ ಗೆದ್ದಿತು. 2013ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡದ ಕ್ವಾರ್ಟರ್‌ಬ್ಯಾಕ್ ಕಾಲಿನ್ ಕೆಪರ್‌ನಿಕ್ ಗ್ರೀನ್ ಬೇ ತಂಡದ ಎದುರು 181 ಗಜ ಓಡಿ ಆಗಿನ ದಾಖಲೆ ಸ್ಥಾಪಿಸಿದಾಗ ವೃತ್ತಿಪರ ಆಟದಲ್ಲೂ ಇದರ ಶಕ್ತಿ ಕಂಡಿತು. ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಓಡುವ ಕ್ವಾರ್ಟರ್‌ಬ್ಯಾಕ್ ಹೆಚ್ಚು ಪೆಟ್ಟು ತಿನ್ನುತ್ತಾನೆ, ಅವನು ಗಾಯಗೊಂಡರೆ ಇಡೀ ತಂಡವೇ ಸೊರಗುತ್ತದೆ.

ಶಿಕ್ಷಕರು ಇದನ್ನು ಶಾಲೆಯ ಅಂಗಳದಲ್ಲೇ ತೋರಿಸಬಹುದು. ಚೆಂಡು ಹಿಡಿದ ಇಬ್ಬರು ವಿದ್ಯಾರ್ಥಿಗಳು ಒಬ್ಬ ರಕ್ಷಕನತ್ತ ನಡೆದು ಬರಲಿ. ಚೆಂಡನ್ನು ಯಾರು ಒಯ್ಯಬೇಕೆಂದು ಹತ್ತು ಸಲ ಮೊದಲೇ ನಿರ್ಧರಿಸಿ, ಇನ್ನು ಹತ್ತು ಸಲ ರಕ್ಷಕನ ಹೆಜ್ಜೆ ನೋಡಿ ನಿರ್ಧರಿಸಲಿ. ರಕ್ಷಕ ಎಷ್ಟು ಸಲ ಚೆಂಡನ್ನು ಮುಟ್ಟಿದನೆಂಬುದನ್ನು ಎರಡು ಪಟ್ಟಿಗಳಲ್ಲಿ ಬರೆದು ಹೋಲಿಸಿ ನೋಡಿ.