ಮೋಡವೂ ಅದೇ, ಪೊದೆಯೂ ಅದೇ

ಸೂಪರ್ ಮಾರಿಯೋ ಬ್ರದರ್ಸ್ ಆಡಿದವರು ಎಷ್ಟೋ ಜನ ಇದನ್ನು ಗಮನಿಸಿರಲಿಕ್ಕಿಲ್ಲ: ಆ ಆಟದ ಬಿಳಿ ಮೋಡ, ನೆಲದ ಹಸಿರು ಪೊದೆ ಎರಡಕ್ಕೂ ಇರುವುದು ಒಂದೇ ಚಿತ್ರ. ಮೋಡದ ಮೇಲ್ಭಾಗಕ್ಕೆ ಹಸಿರು ಬಳಿದು ನೆಲಕ್ಕಿಳಿಸಿದರೆ ಪೊದೆ.

ಅದು ಸೋಮಾರಿತನವಲ್ಲ, ಬಡತನ. 1985ರ ಆ ಇಡೀ ಆಟ 40 ಕಿಲೋಬೈಟ್‌ನೊಳಗೆ ಮುಗಿಯಬೇಕಿತ್ತು. ನಿಂಟೆಂಡೊ ಯಂತ್ರ ಪರದೆಯನ್ನು ಅಡ್ಡಕ್ಕೆ 32, ಉದ್ದಕ್ಕೆ 30, ಒಟ್ಟು 960 ಚೌಕಗಳಾಗಿ ನೋಡುತ್ತಿತ್ತು. ಒಂದು ಚೌಕದ ಚಿತ್ರಕ್ಕೆ 16 ಬೈಟ್. ಪ್ರತಿ ಚೌಕಕ್ಕೂ ಸ್ವಂತ ಚಿತ್ರ ಎಂದರೆ 15,360 ಬೈಟ್ ಬೇಕು. ಯಂತ್ರದಲ್ಲಿ ಪರದೆಗೆಂದು ಇದ್ದದ್ದು 2,048. ಹಾಗಾಗಿ ಚಿತ್ರಗಳೆಲ್ಲ ಕ್ಯಾಸೆಟ್‌ನಲ್ಲೇ ಒಂದೊಂದು ಪ್ರತಿಯಾಗಿ ಉಳಿದವು. ಚೌಕದಲ್ಲಿ ಕೂತದ್ದು ಚಿತ್ರದ ನಂಬರ್, ಒಂದೇ ಬೈಟ್. ಬಣ್ಣದ ಲೆಕ್ಕಕ್ಕೆ ಪರದೆಗೆ ಇನ್ನೊಂದು 64 ಬೈಟ್.

ಅಸೆಂಬ್ಲಿ ಭಾಷೆಯಲ್ಲಿ ಬರೆದ ಆ ಆಟದಲ್ಲಿ ಕ್ಲಾಸು, ಆಬ್ಜೆಕ್ಟುಗಳ ಸುದ್ದಿಯೇ ಇರಲಿಲ್ಲ. ಆಬ್ಜೆಕ್ಟ್‌ಗಳ ಲೋಕದಲ್ಲಿ ಇದೇ ಉಪಾಯಕ್ಕೆ 'ಫ್ಲೈವೇಟ್' ಎಂದು ಹೆಸರಿಟ್ಟವರು ಪಾಲ್ ಕಾಲ್ಡರ್ ಮತ್ತು ಮಾರ್ಕ್ ಲಿಂಟನ್, 1990ರಲ್ಲಿ. ಬಾಕ್ಸಿಂಗ್‌ನಲ್ಲಿ ತೀರಾ ಹಗುರ ದೇಹದವರ ವರ್ಗದ ಹೆಸರದು. ಅವರ ತಲೆನೋವು ಆಟವಲ್ಲ, ಅಕ್ಷರ. ಈ ಲೇಖನದಲ್ಲಿ 'ದ' ಎಷ್ಟು ಸಲ ಬಂದಿದೆಯೋ ಎಣಿಸಿ ನೋಡಿ. ಅಷ್ಟೂ 'ದ'ಗಳು ತಮ್ಮ ತಮ್ಮ ಆಕಾರವನ್ನು ಹೊತ್ತು ತಿರುಗಬೇಕೇ? ಆಕಾರ ಒಂದು ಕಡೆ ಇರಲಿ, ಎಲ್ಲಿ ಕೂರಬೇಕೆಂಬುದನ್ನು ಪುಟ ಹೇಳಲಿ. 1994ರಲ್ಲಿ ಗಾಮಾ, ಹೆಲ್ಮ್, ಜಾನ್ಸನ್, ವ್ಲಿಸೈಡ್ಸ್ ಬರೆದ 'ಡಿಸೈನ್ ಪ್ಯಾಟರ್ನ್ಸ್' ಪುಸ್ತಕ ಇದನ್ನು ಪ್ರೋಗ್ರಾಮರ್‌ಗಳ ಮನೆಮಾತಾಗಿಸಿತು.

ಇವತ್ತಿನ ಗೇಮ್‌ನ ಕಾಡನ್ನು ತೆಗೆದುಕೊಳ್ಳಿ. ಒಂದು ಮರದ ಆಕಾರ, ತೊಗಟೆ, ಎಲೆ ಸೇರಿ 5 ಮೆಗಾಬೈಟ್ ಅನ್ನೋಣ. ಹತ್ತು ಸಾವಿರ ಮರಗಳಿಗೆ 50 ಗಿಗಾಬೈಟ್! ಮಾದರಿ ಮರ ಒಂದೇ ಇಟ್ಟು, ಉಳಿದವು ತಮ್ಮ ಜಾಗ, ಎತ್ತರ, ಬಣ್ಣದ ಛಾಯೆಯನ್ನಷ್ಟೇ ನೆನಪಿಟ್ಟುಕೊಂಡರೆ? ಮರಕ್ಕೆ 32 ಬೈಟ್ ಹಿಡಿದರೂ ಎಲ್ಲ ಸೇರಿ ಐದೂವರೆ ಮೆಗಾಬೈಟ್ ದಾಟುವುದಿಲ್ಲ. ಗ್ರಾಫಿಕ್ಸ್ ಕಾರ್ಡಿಗೂ ಇದು ಇಷ್ಟ: ಮಾದರಿಯನ್ನೂ ಜಾಗಗಳ ಪಟ್ಟಿಯನ್ನೂ ಕೊಟ್ಟರೆ ಒಂದೇ ಅಪ್ಪಣೆಗೆ ಕಾಡೆಲ್ಲ ಬಿಡಿಸುತ್ತದೆ.

ಹೊಸಬರು ಎಡವುವುದು ಬೇರೆ ಕಡೆ. ಆಟಗಾರ ಒಂದು ಮರಕ್ಕೆ ಬೆಂಕಿ ಹಚ್ಚುತ್ತಾನೆ. ಕೋಡ್ ಬರೆದವರು ಮಾದರಿಯ ಬಣ್ಣವನ್ನೇ ಕಪ್ಪು ಮಾಡಿರುತ್ತಾರೆ. ಕಣ್ಣು ಮಿಟುಕಿಸುವುದರೊಳಗೆ ಇಡೀ ಕಾಡು ಕರಿ. ಅದಕ್ಕೇ ಹಂಚಿಕೊಂಡದ್ದನ್ನು ಓದಬಹುದು, ತಿದ್ದುವಂತಿಲ್ಲ ಎಂಬ ಕಟ್ಟಳೆ. 'ಸುಟ್ಟ ಮರ' ಎಂಬ ಇನ್ನೊಂದು ಮಾದರಿ ಮಾಡಿ, ಆ ಒಂದು ಮರ ಮಾತ್ರ ಅದರ ಕಡೆ ಬೆರಳು ತೋರಿಸುವಂತೆ ಮಾಡಿದರಾಯಿತು. ಮಾರಿಯೋ ತಲೆಯಿಂದ ಗುದ್ದಿ ಇಟ್ಟಿಗೆ ಒಡೆದಾಗಲೂ ಇಟ್ಟಿಗೆಯ ಚಿತ್ರಕ್ಕೆ ಏನೂ ಆಗುತ್ತಿರಲಿಲ್ಲ. ಆ ಚೌಕಗಳಲ್ಲಿದ್ದ ನಂಬರ್ ಅಳಿಸಿ, ಖಾಲಿ ಆಕಾಶದ ನಂಬರ್ ಬರೆಯುತ್ತಿದ್ದರು.